ಮಿರ್ಚಿ ಕಾಗದದ ದೆವ್ವ

ರಾಯಚೂರಿನಲ್ಲಿ ವಾರಪತ್ರಿಕೆಗೆ ಒಂದೇ ಜನ್ಮದಲ್ಲಿ ಮುಕ್ತಿ ಸಿಗುವುದಿಲ್ಲ. ಮೊದಲ ಜನ್ಮ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ, ಹಗ್ಗಕ್ಕೆ ಕ್ಲಿಪ್ಪು ಹಾಕಿಸಿಕೊಂಡು ಜೋತಾಡುತ್ತ. ಕೊಂಡವರ ಮನೆಯಲ್ಲಿ ಒಂದು ವಾರ, ಕೇಳಿ ಒಯ್ದವರ ಮನೆಯಲ್ಲಿ ಎರಡು ತಿಂಗಳು ಕಳೆದ ಮೇಲೆ ಕಟಿಂಗ್ ಶಾಪಿನ ಬೆಂಚಿನ ಮೇಲೆ ಎರಡನೇ ಜನ್ಮ. ಅಲ್ಲಿ ಪದಬಂಧವನ್ನು ಯಾರೋ ಅರ್ಧ ತುಂಬಿ, ಇನ್ಯಾರೋ ತಪ್ಪು ತುಂಬಿ, ನಟಿಯ ಮುಖಕ್ಕೆ ಮತ್ಯಾರೋ ಪೆನ್ನಿನಲ್ಲಿ ಮೀಸೆ ಬರೆದರೆಂದರೆ ಅದು ರದ್ದಿ. ರದ್ದಿಯಿಂದ ನೇರ ಒಗ್ಗರಣಿ-ಮಿರ್ಚಿ ಬಂಡಿಗೆ. ಮುದ್ರಿಸಿದ ಕಾಗದದಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತೆಯವರು ಹೇಳುತ್ತಲೇ ಇದ್ದಾರೆ. ಬಂಡಿಯವನು ಆ ಸುದ್ದಿಯನ್ನೂ ಓದಿರುತ್ತಾನೆ, ಓದಿ ಅದರಲ್ಲೇ ಎರಡು ಮಿರ್ಚಿ ಕಟ್ಟಿಕೊಡುತ್ತಾನೆ.

ಈ ಮೂರನೇ ಜನ್ಮದಲ್ಲಿ ಮಾತ್ರ ಪತ್ರಿಕೆ ತನ್ನ ಗುಟ್ಟು ಬಿಡುತ್ತದೆ ಎಂಬುದು ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರ್ರ ಸಿದ್ಧಾಂತ. ದೇವದುರ್ಗ, ಮಾನ್ವಿ ಎರಡೂ ಕಡೆ ಶಾಲೆಯ ಮಕ್ಕಳಿಗೆ ಹೂಜಿ, ಬಾಳೆಹಣ್ಣು, ಸೂರ್ಯೋದಯ ಬರೆಸಿ ರಿಟೈರಾದವರು. ಸರ್ವೀಸಿನುದ್ದಕ್ಕೂ ಕಂಡದ್ದನ್ನು ಕಂಡಂಗೆ ಬರೀರಿ ಎಂದು ಮಕ್ಕಳ ಕಿವಿ ಹಿಂಡಿದವರು, ರಿಟೈರಾದದ್ದೇ ಕಾಣದ್ದನ್ನು ನೋಡಲು ಶುರು ಮಾಡಿದರು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ.

ಒಂದು ಸಂಜೆ ತೀನ್ ಕಂದೀಲ್ ಹತ್ತಿರ ಬಂಡಿಯ ಮುಂದೆ ನಿಂತಿದ್ದೆವು. ಮಿರ್ಚಿ ತಿಂದಾದ ಮೇಲೆ ಅವರು ಕಾಗದ ಬಿಸಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಂಡಿಯ ಬಲ್ಬಿಗೆ ಅಡ್ಡ ಎತ್ತಿದರು. ಕಾಗದ ಎಣ್ಣೆ ಕುಡಿದಿತ್ತು. ಈ ಕಡೆ ಒಬ್ಬ ಮಂತ್ರಿಗಳು ಹಾರ ಹಾಕಿಸಿಕೊಂಡು ಕೈಮುಗಿದಿದ್ದರು. ಆ ಕಡೆಯ ಪುಟದಲ್ಲಿ ಪಶು ಆಹಾರದ ಜಾಹೀರಾತು, ಒಂದು ಎಮ್ಮೆಯ ಮುಖ. ಬೆಳಕಿಗೆ ಹಿಡಿದ ಕೂಡಲೇ ಎಮ್ಮೆಯ ಕೋಡು ಮಂತ್ರಿಗಳ ಕಿವಿಯ ಮೇಲಿಂದ ಎರಡು ಕಡೆಗೂ ಎದ್ದು ಬಂದವು. ಅಳತೆ ತೆಗೆದು ಕೂಡಿಸಿದರೂ ಅಷ್ಟು ಚಂದ ಕೂಡುತ್ತಿರಲಿಲ್ಲ.

"ನೋಡಿದ್ಯಾ?" ಅಂದರು.

"ಆಚೆ ಪುಟದ್ದು ಈಚೆ ಕಾಣ್ಲಿಕತ್ತದ ಸರ್."

"ಕಾಣ್ಲಿಕತ್ತದ ಅಲ್ಲ. ಇಟ್ಟಾರ."

"ಯಾರ್ರಿ?"

ಮಾಸ್ತರ್ರು ಉತ್ತರ ಕೊಡಲಿಲ್ಲ. ಈ ಪ್ರಶ್ನೆಗೆ ಅವರು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡರು. ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿ ಮನೆಯಲ್ಲಿ ಅಮ್ಮಾವರು ಏನು ಅಂದರೆಂಬುದು ಈ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ.

ಅವರ ಬಳಿ ಇಂಥ ಸಾಕ್ಷ್ಯಗಳ ಒಂದು ಟ್ರಂಕೇ ಇದೆ. ನಟಿಯೊಬ್ಬಳ ತುಟಿಯ ಪಕ್ಕ ಇನ್ನೊಂದು ತುಟಿ. ದೀಪಾವಳಿ ಸಂಚಿಕೆಯ ಲಕ್ಷ್ಮಿಗೆ ನೀಲಿ ಬಣ್ಣದ ಮತ್ತೊಂದು ಹುಬ್ಬು. ಕ್ರಿಕೆಟ್ ಆಟಗಾರನ ಹಿಂದೆ ಅವನದೇ ಗುಲಾಬಿ ನೆರಳು. ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನು ಒಂದೊಂದನ್ನೇ ನೋಡಿ, "ರಿಜಿಸ್ಟ್ರೇಷನ್ ಔಟ್" ಅಂದ. ಬಣ್ಣದ ಚಿತ್ರವೆಂದರೆ ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕು ಶಾಯಿ ನಾಲ್ಕು ಪ್ಲೇಟಿನಿಂದ ಒಂದರ ಮೇಲೊಂದು ಬೀಳಬೇಕು. ಕಾಗದ ಕೂದಲೆಳೆಯಷ್ಟು ಸರಿದರೆ ಗುಲಾಬಿ ತುಟಿ ಒಂದು ಕಡೆ, ಹಳದಿ ತುಟಿ ಇನ್ನೊಂದು ಕಡೆ. ರಾತ್ರಿ ಪಾಳಿಯಲ್ಲಿ ಯಾರಾದರೂ ತೂಕಡಿಸಿದರೂ ಸಾಕು, ದೇವಿಗೆ ಮೂರನೇ ಕಣ್ಣು ಬರುತ್ತದೆ. ಇಷ್ಟನ್ನೂ ಮಾಸ್ತರ್ರು ಗೌರವದಿಂದ ಕೇಳಿದರು. ಅವನು ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಅಂವಾ ಪ್ರೆಸ್ಸಿನಾಂವಲ್ಲ? ಅವರಿಗೆ ಹಂಗ ಹೇಳಂತ ಹೇಳಿರ್ತಾರ."

ಮಾಸ್ತರ್ರು ಒಂಟಿಯಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು. ಅಮೆರಿಕದ 'ಟೈಮ್' 1923ರಿಂದ ಬರುತ್ತಿರುವ ಪತ್ರಿಕೆ. ಅದರ ಹೆಸರಿನಲ್ಲಿ ಎಂ ಅಕ್ಷರಕ್ಕೆ ಎರಡು ಚೂಪು ತುದಿ. ಮುಖಪುಟದ ಮನುಷ್ಯನ ತಲೆ ಅದರ ಮುಂದೆ ಬಂದರೆ ತಲೆಗೆ ಎರಡು ಕೋಡು. ಪೋಪ್‌ಗೂ ಬಂದಿವೆ, ಅಧ್ಯಕ್ಷರಿಗೂ ಬಂದಿವೆ. ಓದುಗರ ಗುಸುಗುಸು ಎಷ್ಟಾಯಿತೆಂದರೆ ಪತ್ರಿಕೆಯವರೇ ತಮ್ಮ ಕೋಡಿನ ಮುಖಪುಟಗಳನ್ನೆಲ್ಲ ಒಟ್ಟು ಮಾಡಿ ತೋರಿಸಿದರು. 1973ರಲ್ಲಿ ವಿಲ್ಸನ್ ಬ್ರಯಾನ್ ಕೀ ಎಂಬಾತ ಮದ್ಯದ ಜಾಹೀರಾತಿನ ಬರ್ಫದ ತುಂಡುಗಳಲ್ಲಿ ಅಶ್ಲೀಲ ಅಕ್ಷರಗಳಿವೆ ಎಂದು ಪುಸ್ತಕವನ್ನೇ ಬರೆದ. ರಾಯಚೂರಿನ ಮೇ ತಿಂಗಳಲ್ಲಿ ಆ ಸಂಶೋಧನೆ ಸಾಧ್ಯವಿರಲಿಲ್ಲ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬರ್ಫ ನೀರಾಗಿರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಪೀಕಲಾಟ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯದು. ಅದರ ಹಳೆಯ ಮುದ್ರೆಯಲ್ಲಿ ಗಡ್ಡದ ಚಂದ್ರನೂ ಹದಿಮೂರು ನಕ್ಷತ್ರಗಳೂ ಇದ್ದವು. ಗಡ್ಡದ ಸುರುಳಿಯಲ್ಲಿ ಸೈತಾನನ ಅಂಕಿ ಇದೆ, ಕಂಪನಿಯ ಲಾಭ ಸೈತಾನನ ಪೂಜೆಗೆ ಹೋಗುತ್ತದೆ ಎಂದು ಅಮೆರಿಕದ ಊರೂರಲ್ಲಿ ಕರಪತ್ರ ಹಂಚಿದರು. ಕಂಪನಿ ಬೇಸತ್ತು 1985ರಲ್ಲಿ ಡಬ್ಬಿಗಳ ಮೇಲಿನಿಂದ ಚಂದ್ರನನ್ನು ತೆಗೆಯಲು ಶುರು ಮಾಡಿತು. ಗಾಳಿಸುದ್ದಿ ಆಮೇಲೂ ನಿಲ್ಲಲಿಲ್ಲ. ಕೊನೆಗೆ ಅದನ್ನು ಹಬ್ಬಿಸಿದ ಆಮ್‌ವೇ ವಿತರಕರ ಮೇಲೆ ಹಾಕಿದ ದಾವೆಯಲ್ಲಿ, 2007ರಲ್ಲಿ, ಒಂದು ಕೋಟಿ ತೊಂಬತ್ತೆರಡೂವರೆ ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅದೇ 1985ರಲ್ಲಿ ಆ ಕಂಪನಿ ವಿಕ್ಸ್ ಅನ್ನೂ ಕೊಂಡಿತ್ತು. ಇದನ್ನು ನಾನು ಬಾಯಿ ತಪ್ಪಿ ಹೇಳಿದಂದಿನಿಂದ ಮಾಸ್ತರ್ರ ಮನೆಯಲ್ಲಿ ನೆಗಡಿಗೆ ಅಜವಾನದ ಹೊಗೆಯೇ ಗತಿ.

ಟೈಮ್‌ಗೆ ಒಂದೇ ಅಕ್ಷರದಲ್ಲಿ ಕೋಡು. ಕನ್ನಡದಲ್ಲಿ ತಲೆಕಟ್ಟಿಲ್ಲದ ಅಕ್ಷರ ಹುಡುಕಬೇಕು. ಈ ಲೆಕ್ಕ ಹಿಡಿದರೆ 1965ರಲ್ಲಿ ಶುರುವಾದ 'ಸುಧಾ'ದಿಂದ ಹಿಡಿದು ನಮ್ಮ ಯಾವ ಪತ್ರಿಕೆಗೂ ಬಿಡುಗಡೆಯಿಲ್ಲ.

ನನಗನಿಸುವುದು ಬೇರೆ. ಪತ್ರಿಕೆಯೊಳಗೆ ಮಾಟ ಅಡಗಿದೆ ಎನ್ನುವುದಕ್ಕಿಂತ, ನಮ್ಮ ಮಾಟವೇ ಬಹುಪಾಲು ಪತ್ರಿಕೆಯಿಂದ ಹೊರಬಂದಿದೆ. ನನ್ನ ವಾರಿಗೆಯವರು ಬೇತಾಳನನ್ನು ಮೊದಲು ನೋಡಿದ್ದು ಯಾವ ಸ್ಮಶಾನದಲ್ಲೂ ಅಲ್ಲ, 'ಚಂದಮಾಮ'ದಲ್ಲಿ. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ಚಂದಮಾಮ 1949ಕ್ಕೆ ಕನ್ನಡಕ್ಕೂ ಬಂತು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಿಂದೆ ಬೋಳು ಮರ. ಶಂಕರ್ ಬರೆದ ಆ ವಿಕ್ರಮನ ಚಿತ್ರ ತಿಂಗಳು ತಿಂಗಳೂ ಬಂದು ನಮ್ಮ ತಲೆಯಲ್ಲಿ ಅಚ್ಚಾಗಿಬಿಟ್ಟಿತು. ಊರ ಹೊರಗಿನ ಹುಣಸೆ ಮರದ ದೆವ್ವ ಹೇಗಿದೆ ಎಂದು ಯಾರನ್ನು ಕೇಳಿದರೂ ಶಂಕರ್ ಬರೆದಂತೆಯೇ ವರ್ಣಿಸುತ್ತಿದ್ದರು. ಆಮೇಲೆ ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಬಂದರು. ನಮ್ಮದು ಗಡಿನಾಡು, ಅರ್ಧ ಊರಿಗೆ ತೆಲುಗು ಬರುತ್ತದೆ. ಅವರ ಕಾದಂಬರಿ 'ತುಳಸಿದಳಂ' ಕನ್ನಡಕ್ಕೆ ಬರುವ ಮೊದಲೇ ರಾಯಚೂರಿನ ಕಟ್ಟೆಗಳ ಮೇಲೆ ಕಾಷ್ಮೋರವೆಂಬ ಕ್ಷುದ್ರಶಕ್ತಿ ಓಡಾಡುತ್ತಿತ್ತು. ಇದು ತುಳಸಿಯ ದಳವಲ್ಲ, ಗಾಂಜಾ ದಮ್ಮು ಎಂದು ರಂಗನಾಯಕಮ್ಮ ವಿಮರ್ಶೆ ಬರೆದರು. ವಿಮರ್ಶೆಯಿಂದ ಯಾರಿಗೂ ನಿದ್ದೆ ಕೆಡಲಿಲ್ಲ, ಕಾದಂಬರಿಯಿಂದ ಕೆಟ್ಟಿತು. 1985ರಲ್ಲಿ ಅದು ಕನ್ನಡ ಸಿನಿಮಾ ಆಯಿತು. ಮುಂದೆ 'ಮಾಟಗಾತಿ' ಬರೆದ ರವಿ ಬೆಳಗೆರೆಯವರು 1995ರಲ್ಲಿ ಹೊರಡಿಸಿದ 'ಹಾಯ್ ಬೆಂಗಳೂರ್!' ಬಣ್ಣದಲ್ಲೇ ಕಪ್ಪು. ಕಪ್ಪು ಸುಂದರಿ ಎಂದು ಓದುಗರು ಮುದ್ದಿನಿಂದ ಕರೆದರು. ಮಾಸ್ತರ್ರು ಅದನ್ನು ಮನೆಯೊಳಗೆ ತರದೆ ಕಟಿಂಗ್ ಶಾಪಿನಲ್ಲೇ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಿದ್ದರು.

ಹೀಗಾಗಿ ನಿಂಬೆಹಣ್ಣು, ಕುಂಕುಮ, ಮೊಳೆ, ಗೊಂಬೆಯ ಪಟ್ಟಿ ನಮಗೆಲ್ಲ ಬಾಯಿಪಾಠ. ಮಾಡಿಸುವವರೂ ಅದನ್ನೇ ಓದಿರುತ್ತಾರೆ, ಹೆದರುವವರೂ ಅದನ್ನೇ ಓದಿರುತ್ತಾರೆ.

ದೇವದುರ್ಗದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಇದನ್ನು ಕಣ್ಣಾರೆ ಕಂಡೆ. ಅಮಾವಾಸ್ಯೆಯ ಮರುದಿನ. ಮೂರು ದಾರಿ ಕೂಡುವಲ್ಲಿ ಒಂದು ಮುತ್ತುಗದೆಲೆ, ಅದರ ಮೇಲೆ ಅರಿಶಿಣ ಕಲಸಿದ ಅನ್ನ, ಎರಡು ಹೋಳು ಮಾಡಿ ಕುಂಕುಮ ತುಂಬಿದ ನಿಂಬೆಹಣ್ಣು, ಅರ್ಧ ತೆಂಗಿನಕಾಯಿ, ನಾಲ್ಕು ಕೆಂಪು ಹೂವು. ಬೈಕಿನವರು ನಿಧಾನ ಮಾಡಿ ಸುತ್ತು ಹಾಕಿ ಹೋಗುತ್ತಿದ್ದರು. ಹತ್ತಿಯ ಟ್ರ್ಯಾಕ್ಟರ್ ಒಂದು ಎಡಗಾಲಿಯನ್ನು ಚರಂಡಿಯ ಅಂಚಿಗೆ ತಂದು ಸರ್ಕಸ್ ಮಾಡಿತು. ಮದುವೆಗೆ ನನ್ನ ಜೊತೆ ಬಂದಿದ್ದ ಮಾಸ್ತರ್ರು ದೂರದಲ್ಲಿ ನಿಂತು ಭೂತಗನ್ನಡಿ ತೆಗೆದರು. ಹೂವು ಯಾವ ದಿಕ್ಕಿಗೆ ಮುಖ ಮಾಡಿವೆ, ಅನ್ನದ ಗುಡ್ಡೆಯಲ್ಲಿ ಬೆರಳಿನ ಗುರುತು ಎಷ್ಟು, ಎಲ್ಲ ನೋಟ್‌ಬುಕ್ಕಿಗೆ ಇಳಿಯಿತು.

ಅಷ್ಟರಲ್ಲಿ ಯಾರದೋ ಆಡು ಬಂತು. ಮೊದಲು ಹೂವು ತಿಂದಿತು. ಆಮೇಲೆ ಅನ್ನ. ನಿಂಬೆಹಣ್ಣನ್ನು ಮೂಸಿ ಮುಖ ಕಿವುಚಿತು. ಎಲೆಯನ್ನೂ ಎಳೆದುಕೊಂಡು, ಅಗಿಯುತ್ತ ಅಗಿಯುತ್ತ ಮದುವೆ ಮನೆಯ ಪೆಂಡಾಲಿನ ಕಡೆಗೇ ನಡೆಯಿತು. ಮಾಸ್ತರ್ರು ಊಟಕ್ಕೆ ಕೂತರೂ ಕಣ್ಣೆಲ್ಲ ಆಡಿನ ಮೇಲೆ. ಹೋಳಿಗೆ ಬಂತು, ತುಪ್ಪ ಬಂತು, ನೋಡಲಿಲ್ಲ. ಸಂಜೆ ಬಸ್ಸು ಹತ್ತುವಾಗಲೂ ಆಡು ಎಲೆಯ ರಾಶಿಯಲ್ಲಿ ಸುಖವಾಗಿತ್ತು. "ಮೂಕ ಪ್ರಾಣಿ ಅದ. ಅದಕ್ಕ ಗೊತ್ತಿಲ್ಲ, ಅದಕ್ಕೇ ತಟ್ಟಿಲ್ಲ" ಅಂದರು ಮಾಸ್ತರ್ರು. ಮಾಟದ ಬಗ್ಗೆ ನಾನು ಕೇಳಿರುವ ಮಾತುಗಳಲ್ಲಿ ಇದಕ್ಕಿಂತ ಶಾಸ್ತ್ರೀಯವಾದದ್ದು ಇಲ್ಲ, ಅವರು ಆ ಅರ್ಥದಲ್ಲಿ ಹೇಳಿರಲಿಕ್ಕಿಲ್ಲ ಅಷ್ಟೇ.

ಮಾನ್ವಿಯ ಕತೆ ಇನ್ನೂ ಸ್ವಾರಸ್ಯದ್ದು. ಕಾಲುವೆ ನೀರು ಬಂದು, ಭತ್ತ ಬಂದು, ರೈಸ್‌ಮಿಲ್ಲುಗಳು ಬಂದು ತೊಳೆದು ಒರೆಸಿದಂತಿರುವ ಊರು. ಅಲ್ಲಿನ ಒಂದು ಓಣಿಯ ಬಾಗಿಲುಗಳ ಪಕ್ಕ ಒಂದು ಮುಂಜಾನೆ ಸುಣ್ಣದ ಕಡ್ಡಿಯ ಗುರುತುಗಳು: ಒಂದು ಇಂಗ್ಲಿಷ್ ಅಕ್ಷರ, ಕೆಳಗೆ ಎರಡು ಅಂಕಿ, ಒಂದು ಬಾಣ. ಕೆಲವು ಮನೆಗೆ ಒಂದು ಅಕ್ಷರ, ಕೆಲವಕ್ಕೆ ಅಡ್ಡಗೆರೆ ಹಾಕಿದ ಕತ್ತರಿ ಗುರುತು. ಕಳ್ಳರು ನೋಡಿ ಹೋಗಿದ್ದಾರೆ ಎಂದರು ಕೆಲವರು. ಕತ್ತರಿ ಬಿದ್ದ ಮನೆಗಳಲ್ಲೆಲ್ಲ ಸಣ್ಣ ಮಕ್ಕಳಿದ್ದಾರೆ ಎಂಬುದನ್ನು ಒಬ್ಬ ಅಜ್ಜಿ ಪತ್ತೆ ಹಚ್ಚಿದಳು. ಅಲ್ಲಿಗೆ ಮುಗಿಯಿತು. ಮಕ್ಕಳಿಗೆ ದೃಷ್ಟಿ ತೆಗೆದರು, ಹಣೆಗೆ, ಕೆನ್ನೆಗೆ, ಅಂಗಾಲಿಗೆ ಕಾಡಿಗೆಯಿಟ್ಟರು. ಅಲ್ಲೇ ಹಿಂದೆ ಕೆಲಸ ಮಾಡಿದ ನೆನಪಿನ ಮೇಲೆ ಮಾಸ್ತರ್ರಿಗೆ ಫೋನು ಬಂತು. ಬಾಣಗಳೆಲ್ಲ ಒಂದೇ ದಿಕ್ಕಿಗೆ ಇವೆಯೇ ಎಂದು ಕೇಳಿದರಂತೆ. ಹೌದು ಎಂಬ ಉತ್ತರ ಬಂದದ್ದೇ ಬಸ್ಸು ಹಿಡಿದರು.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಂದಳು, ಹೆಗಲಿಗೆ ನೀಲಿ ಡಬ್ಬಿ. ಎರಡು ಹನಿ ಲಸಿಕೆ ಹಾಕಿದ ಮನೆಗೆ ಪಿ, ಮಗು ಸಿಗದೆ ಮತ್ತೆ ಬರಬೇಕಾದ ಮನೆಗೆ ಕತ್ತರಿ, ಅಂಕಿ ಮನೆಯ ನಂಬರು ಮತ್ತು ತಾರೀಖು, ಬಾಣ ಮುಂದಿನ ಮನೆಯ ಕಡೆಗೆ. ಪೋಲಿಯೊ ಹನಿಯ ತಂಡದವರು ದೇಶದ ತುಂಬ ಹಾಕುವ ಗುರುತು ಅದು. "ನಿನ್ನಿ ಬಂದಾಗ ನೀವೆಲ್ಲ ಜಾತ್ರಿಗೆ ಹೋಗಿದ್ರಲ್ಲವಾ, ಅದಕ್ಕ ಕತ್ರಿ ಹಾಕೀನಿ" ಎಂದು ಮಗುವಿನ ಬಾಯಿ ಬಿಡಿಸಿ ಹನಿ ಹಾಕಿ, ಕತ್ತರಿಯನ್ನು ಅಂಗೈಯಲ್ಲಿ ಒರೆಸಿ ಪಿ ಬರೆದಳು. ಅವಳು ಒರೆಸಿದ್ದನ್ನು ಮಾಸ್ತರ್ರು ಅಷ್ಟರಲ್ಲೇ ನಕಲು ಮಾಡಿಕೊಂಡಿದ್ದರು. ಗೋಡೆಯ ಬರಹವೆಂದರೆ ನಮ್ಮವರಿಗೆ ಹಳೆಯ ನೆನಪು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ, ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವಕ್ಕೆಂದು ಮನೆಯವರೇ 'ನಾಳೆ ಬಾ' ಎಂದು ಬರೆದಿದ್ದರು. ದೆವ್ವ ಓದಿಕೊಂಡು ಹೋಗಿ ಮರುದಿನ ಮತ್ತೆ ಬಂದು ಮತ್ತೆ ಓದುತ್ತಿತ್ತಂತೆ. ಸಾಲಗಾರರಿಗೂ ಅದೇ ಬರಹ ಸಾಕಾಗುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದರು.

ನಗುವಷ್ಟು ನಕ್ಕಾಯಿತು. ಬಾನಾಮತಿ ಎಂಬ ಮಾಟದ ಹೆಸರು ಬಂದರೆ ನಮ್ಮ ಕಡೆ ಹಿರಿಯರು ಈಗಲೂ ದನಿ ತಗ್ಗಿಸುತ್ತಾರೆ. ನಿಜಾಮರ ಕಾಲದಿಂದಲೂ ಬೀದರ್, ಕಲಬುರಗಿ, ರಾಯಚೂರು ಸೀಮೆಗೆ ಅಂಟಿಕೊಂಡ ಹೆಸರದು. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯೊಳಗಿನ ಸೀರೆಗೆ ಬೆಂಕಿ, ಅನ್ನದ ತಟ್ಟೆಯಲ್ಲಿ ಹೊಲಸು, ಸೊಸೆ ನಾಯಿಯಂತೆ ಬೊಗಳುವುದು. ಬೆಂಕಿಯ ಕೆಲಸವನ್ನು ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಗ್ಲಿಸರಿನ್ ಸೇರಿಸಿ ಮಾಡಬಹುದು ಎಂದು ಪವಾಡ ಬಯಲು ಮಾಡುವವರು ವೇದಿಕೆಯ ಮೇಲೆ ತೋರಿಸುತ್ತಾರೆ. ಅರಿಶಿಣಕ್ಕೆ ಸುಣ್ಣ ಬಿದ್ದರೆ ನೀರು ರಕ್ತವಾಗುವುದನ್ನು ಆರತಿ ಎತ್ತಿದ ಹೆಂಗಸರಿಗೆಲ್ಲ ಹೇಳಿಕೊಡಬೇಕಿಲ್ಲ. ಬೊಗಳುವ ಸೊಸೆಯ ಸಂಕಟ ಏನಿರಬಹುದು ಎಂಬುದನ್ನು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಕನ್ನಡದಲ್ಲೇ ಬರೆದು ತಿಳಿಸಿದ್ದಾರೆ. ಆದರೆ ಮಾಡಿಸಿದವರು ಯಾರು ಎಂಬ ಪ್ರಶ್ನೆ ಬಂದಾಗ ಊರು ನಮ್ಮ ಮಾಸ್ತರ್ರಂತೆ ಸುಮ್ಮನಿರುವುದಿಲ್ಲ, ಹೆಸರು ಹೇಳುತ್ತದೆ. ಆ ಹೆಸರು ಯಾವತ್ತೂ ಊರ ಗೌಡನದಾಗಿರುವುದಿಲ್ಲ. ಒಂಟಿ ಮುದುಕಿಯದು, ಹೊಲದ ಬದುವಿನ ಜಗಳದಲ್ಲಿ ಸೋಲಬೇಕಾದವನದು, ಮೊನ್ನೆ ಮೊನ್ನೆ ಬಂದು ಸೇರಿದವರದು. ಗಡಿಯಾಚೆ ತೆಲಂಗಾಣದಲ್ಲಿ, ಮಂತ್ರ ಉಚ್ಚರಿಸಬಾರದೆಂದು ಇಂಥವರ ಹಲ್ಲು ಕಿತ್ತ ಪ್ರಕರಣಗಳಿವೆ. ಮುಖಪುಟದಲ್ಲಿ ಕೋಡು ಹುಡುಕುವವನಿಂದ ಮುಖಪುಟಕ್ಕೆ ನೋವಾಗುವುದಿಲ್ಲ.

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಮಸೂದೆಗೆ 2017ರ ನವೆಂಬರಿನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು, ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಜ್ಯೋತಿಷ್ಯ, ವಾಸ್ತುಗಳನ್ನು ಅದು ಮುಟ್ಟಿಲ್ಲ. ಹಾಗಾಗಿ ಪತ್ರಿಕೆಗಳ ವಾರಭವಿಷ್ಯ ಕ್ಷೇಮ. ಮಾಸ್ತರ್ರು ಈ ವಿನಾಯಿತಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿಟ್ಟುಕೊಂಡಿದ್ದಾರೆ. ಈ ಒಂದು ವಿಷಯದಲ್ಲಿ ಅವರ ಅನುಮಾನ ನನಗೂ ಇದೆ.

ಬೇಸರವೆಂದರೆ, ನಿಜವಾದ ಗುಟ್ಟುಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ದೇವದುರ್ಗದಿಂದ ಕೃಷ್ಣೆ ದಾಟಿ ಹೋದರೆ ಸುರಪುರ ಸೀಮೆಯ ಕೊಡೇಕಲ್. ಅಲ್ಲಿಯ ಬಸವಣ್ಣನ ಪರಂಪರೆಯವರು ಕಾಲಜ್ಞಾನವನ್ನು ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಬರೆದಿಟ್ಟರು. ಮಾನ್ವಿ ತಾಲ್ಲೂಕು ದಾಸರ ತವರು: ವಿಜಯದಾಸರು ಚೀಕಲಪರ್ವಿಯವರು, 'ಹರಿಕಥಾಮೃತಸಾರ'ದ ಜಗನ್ನಾಥದಾಸರು ಬ್ಯಾಗವಾಟದವರು. ಹರಿಕಥಾಮೃತಸಾರ ಅರ್ಥವಾಗಲೆಂದು ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬರೆದಿದ್ದಾರೆ. ಕನಕದಾಸರ ಮುಂಡಿಗೆ, ಅಲ್ಲಮನ ಬೆಡಗಿನ ವಚನ ನಾನು ಒಗಟು, ಬಿಡಿಸು ಎಂದು ಎದುರಿಗೇ ನಿಂತು ಸವಾಲು ಹಾಕುತ್ತವೆ. ಇವನ್ನೆಲ್ಲ ತಂದುಕೊಟ್ಟೆ. ಮಾಸ್ತರ್ರು ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ಇವು ತಾವೇ ಗುಟ್ಟು ಅಂತ ಹೇಳಿಕೊಳ್ಳುತ್ತವೆ, ಇದರಲ್ಲೇನು ಮಜಾ ಎಂಬುದು ಅವರ ತಕರಾರು.

ಮಸ್ಕಿಯ ಕತೆಯನ್ನಂತೂ ಅವರು ಅರ್ಧಕ್ಕೇ ನಿಲ್ಲಿಸಿದರು. 1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರು ಅಲ್ಲಿ ಚಿನ್ನ ಹುಡುಕುತ್ತ ಹೋಗಿ ಬಂಡೆಯ ಮೇಲೆ ಬರಹ ಕಂಡ. ಆವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ಬಿರುದಿನಿಂದ ಕರೆಸಿಕೊಂಡಿದ್ದ ರಾಜನಿಗೆ ಅಲ್ಲಿ ಮೊದಲ ಸಲ ಅಶೋಕ ಎಂಬ ಹೆಸರು ಸಿಕ್ಕಿತು. "ಹಂಗಾರ ಚಿನ್ನ?" ಅಂದರು ಮಾಸ್ತರ್ರು.

ಕೊನೆಗೆ ಅವರನ್ನು ರಾಯಚೂರಿನ ಕೋಟೆಗೇ ಕರೆದುಕೊಂಡು ಹೋದೆ. ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿಷಯ ಅದರ ಮೇಲೆ ತೆಲುಗಿನಲ್ಲಿದೆ. ಬರಹದ ಜೊತೆಗೊಂದು ಗೆರೆಚಿತ್ರ: ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಇದೇ ಕಲ್ಲು, ಮುಂದೆ ಸಾಲಾಗಿ ಕೋಣಗಳು. ಈ ಕಲ್ಲನ್ನು ಇಲ್ಲಿಗೆ ಹೀಗೆ ತಂದೆವು ಎಂದು ಕಲ್ಲಿನ ಮೇಲೇ ಬರೆದಿಟ್ಟಿದ್ದಾರೆ. ಮಾಸ್ತರ್ರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಕೋಣಗಳನ್ನು ಎಣಿಸಿದರು, ತಿರುಗಿ ಬಂದು ಎಣಿಸಿದರು. ಲೆಕ್ಕ ಬೇರೆ ಬಂತೆಂದು ಮೂರನೇ ಸಲವೂ ಎಣಿಸಿದರು. ಆಮೇಲೆ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ಡ್ರಾಯಿಂಗ್ ಮಾಸ್ತರ್ರಾಗಿ ಮಾತಾಡಿದರು: "ಬರದಾಂವ ಕೋಣದ ಕಾಲು ಛೊಲೋ ಬರದಾನ. ಭಾರ ಎಳಿಲಿಕತ್ತದ ಅಂತ ಕಾಲು ನೋಡಿದ್ರ ಗೊತ್ತಾಗ್ತದ."

ಹೋದ ವಾರ ಅವರ ಮನೆಗೆ ಹೋದಾಗ ಮೊಮ್ಮಗಳು ಪತ್ರಿಕೆಯ ಮಕ್ಕಳ ಪುಟ ಹರಡಿಕೊಂಡು ಕೂತಿದ್ದಳು. ಎರಡು ಚಿತ್ರ, ಆರು ವ್ಯತ್ಯಾಸ ಗುರುತಿಸಿ, ಉತ್ತರ ಕೆಳಗೆ ತಲೆಕೆಳಗಾಗಿ. ಅಂಗಿಯ ಗುಂಡಿ, ಬೆಕ್ಕಿನ ಬಾಲ, ಮರದ ಮೇಲಿನ ಹಕ್ಕಿ, ಹೀಗೆ ಆರಕ್ಕೂ ಸುತ್ತು ಹಾಕಿ, ಪುಟ ತಿರುಗಿಸಿ ತಾಳೆ ನೋಡಿ, "ಮುಗೀತು ಅಜ್ಜಾ" ಅಂದಳು.

"ಅವರು ತೋರಿಸಿದ್ದು ಆರು" ಎಂದು ಮಾಸ್ತರ್ರು ಕಿಸೆಯಿಂದ ಭೂತಗನ್ನಡಿ ತೆಗೆದರು. "ಸರಿ ಅತ್ತಾಗ. ಏಳನೇದು ನೋಡೋಣ."

ಅವಳೂ ಬಗ್ಗಿದಳು. ಸ್ವಲ್ಪ ಹೊತ್ತಿಗೆ ನಾನೂ.